ಎನ್‌ಪಿಎಸ್: ಕೂಡಿಡೋದಕ್ಕೆ ಒಳ್ಳೆಯದು, ಪಿಂಚಣಿಗೆ ಸಾಲದು

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸೇರಿದ್ದು 2007ರಲ್ಲಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್ಸೇ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಗತಿ. ಪ್ರತಿ ತಿಂಗಳ ಸಂಬಳದಿಂದ ದುಡ್ಡು ಹೋಗುತ್ತಿದೆ, ಹಾಗಾಗಿ ಇದು ಹೇಗಿದೆ ಅಂತ ಹೇಳುವ ಹಕ್ಕು ನನಗಿದೆ.

ಮೊದಲು ಒಳ್ಳೆಯದು. ಮೂಲವೇತನ ಮತ್ತು ತುಟ್ಟಿಭತ್ಯೆಯ ಮೇಲೆ ನೂರಕ್ಕೆ 10 ನಮ್ಮದು, ಸರ್ಕಾರದ ಪಾಲು ಮೊದಲು 10 ಇತ್ತು, ಈಗ 14. ನಿರ್ವಹಣೆ ಖರ್ಚು ತುಂಬಾ ಕಡಿಮೆ. ಪ್ರಾನ್ ಸಂಖ್ಯೆ, ಅಂದರೆ ನಮ್ಮ ಎನ್‌ಪಿಎಸ್ ಖಾತೆಯ ಸಂಖ್ಯೆ ಹಾಕಿದರೆ ಮೊಬೈಲಿನಲ್ಲೇ ಎಲ್ಲ ಲೆಕ್ಕ ಕಾಣುತ್ತದೆ. ವರ್ಗಾವಣೆ ಆದಾಗ ಕೆಲವು ತಿಂಗಳ ಕಂತು ಜಮಾ ಆಗಿರಲಿಲ್ಲ. ಅದು ಗೊತ್ತಾಗಿದ್ದೂ ಆ್ಯಪ್ ನೋಡಿದ್ದರಿಂದಲೇ. ಸರಿಪಡಿಸೋಕೆ ಕಚೇರಿಗೆ ಅಲೆದದ್ದು ಬೇರೆ ಮಾತು.

ತೊಂದರೆ ಇರುವುದು ನಿವೃತ್ತಿಯ ದಿನ. ಖಾತೆಯಲ್ಲಿ 60 ಲಕ್ಷ ಆಗಿದೆ ಅಂತಿಟ್ಟುಕೊಳ್ಳಿ. 36 ಲಕ್ಷ ಕೈಗೆ ಬರುತ್ತದೆ, ತೆರಿಗೆ ಇಲ್ಲ. ಉಳಿದ 24 ಲಕ್ಷಕ್ಕೆ ವಿಮಾ ಕಂಪನಿಯಿಂದ ಆನ್ಯುಟಿ, ಅಂದರೆ ತಿಂಗಳು ತಿಂಗಳು ಪಿಂಚಣಿ ಕೊಡುವ ಯೋಜನೆ ಕೊಳ್ಳಲೇಬೇಕು. ನೂರಕ್ಕೆ ಆರೂವರೆ ಸಿಕ್ಕರೆ ತಿಂಗಳಿಗೆ 13,000. ಆ 36 ಲಕ್ಷವನ್ನೂ ಮುಟ್ಟದೆ ಅದೇ ದರದಲ್ಲಿ ಬ್ಯಾಂಕಿನಲ್ಲಿಟ್ಟರೆ ಇನ್ನೊಂದು 19,500. ಒಟ್ಟು 32,500. ಕೊನೆಯ ಮೂಲವೇತನ 80,000 ಇದ್ದರೆ ಹಳೇ ಪಿಂಚಣಿ ಪದ್ಧತಿಯಲ್ಲಿ ಪೂರ್ಣ ಸೇವೆಗೆ ಅದರ ಅರ್ಧ, 40,000 ಮತ್ತು ತುಟ್ಟಿಭತ್ಯೆ ಬರುತ್ತಿತ್ತು. ಶುರುವಿನಲ್ಲಿ ಅಂತರ ಆಕಾಶ ಭೂಮಿಯಷ್ಟೇನಿಲ್ಲ, ನಮ್ಮ ಅಸಲೂ ಉಳಿದಿರುತ್ತದೆ. ಆದರೆ ಹದಿನೈದು ವರ್ಷ ಕಳೆಯಲಿ. ತುಟ್ಟಿಭತ್ಯೆ ಇರುವುದರಿಂದ ಹಳೇ ಪಿಂಚಣಿ ಬೆಲೆಗಳ ಜೊತೆ ಏರಿರುತ್ತದೆ. ನನ್ನ 13,000 ಹದಿಮೂರು ಸಾವಿರವೇ. ಮಾತ್ರೆ, ಆಸ್ಪತ್ರೆ ಖರ್ಚು ಜಾಸ್ತಿ ಆಗುವುದೇ ಆ ವಯಸ್ಸಿನಲ್ಲಿ ಅಲ್ವಾ? ಚರ್ಚೆಯಲ್ಲಿ ಎಲ್ಲರೂ ಮೂಲವೇತನದ ಆ ಶೇ. 50ರ ಬಗ್ಗೆ ಮಾತಾಡುತ್ತಾರೆ. ನನಗೆ ತುಟ್ಟಿಭತ್ಯೆಯೇ ದೊಡ್ಡದು.

ನಮ್ಮ ಸ್ಟಾಫ್ ರೂಮಿನಲ್ಲೇ ನೋಡಿ. ನನ್ನ ಜೊತೆಗೇ ಸೇರಿದ ಮೇಡಂ ಒಬ್ಬರ ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗಿಂತ ಮೊದಲೇ ಬಂದಿತ್ತು. 2024ರ ಜನವರಿಯ ಸರ್ಕಾರಿ ಆದೇಶದಿಂದ ಅವರಿಗೆ ಹಳೇ ಪಿಂಚಣಿಯ ದಾರಿ ತೆರೆಯಿತು. ಅವರಿಗೆ ಸಿಕ್ಕಿದ್ದು ನನಗೆ ನಿಜವಾಗಿಯೂ ಖುಷಿ. ಆದರೆ ಇಬ್ಬರೂ ಪಾಠ ಮಾಡುವುದು ಅದೇ ಮಕ್ಕಳಿಗೆ.

ಖಜಾನೆಗೆ ಹೊರೆ ಅನ್ನುವ ಮಾತು ಸುಳ್ಳಲ್ಲ. ರಾಜಸ್ಥಾನ, ಹಿಮಾಚಲದಂತೆ ಪೂರ್ತಿ ಹಳೇದಕ್ಕೆ ಮರಳಿ ಅಂತ ನಾನು ಹಟ ಹಿಡಿಯುವುದಿಲ್ಲ. ಕೇಂದ್ರ ನೌಕರರಿಗೆ 2025ರ ಏಪ್ರಿಲ್‌ನಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಇದೆ. ಅಲ್ಲಿ ನೌಕರರ 10 ಮುಂದುವರಿಯುತ್ತದೆ. 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಸಿಗುತ್ತದೆ, ಬೆಲೆ ಏರಿದಂತೆ ಅದೂ ಏರುತ್ತದೆ. ನನ್ನ 10ನ್ನು ಸಂತೋಷದಿಂದ ಕೊಡುತ್ತೇನೆ. ಬೆಲೆ ಏರಿಕೆಯ ಭಯವನ್ನು ಮಾತ್ರ ಸರ್ಕಾರ ಹೊರಲಿ.

ಈಗಿರುವ ಎನ್‌ಪಿಎಸ್‌ಗೆ ಐದಕ್ಕೆ ಎರಡೂವರೆ ಅಂಕ. ನಿವೃತ್ತಿ ಹತ್ತಿರ ಇರುವವರು ಸುಮ್ನೆ ಮೊದಲು ಸಿಕ್ಕ ಆನ್ಯುಟಿಗೆ ಸಹಿ ಹಾಕಬೇಡಿ. ನಾಲ್ಕು ಕಂಪನಿಗಳ ದರ ಹೋಲಿಸಿ ನೋಡಿ. ನಿಮ್ಮ ನಂತರ ಗಂಡನಿಗೋ ಹೆಂಡತಿಗೋ ಮುಂದುವರಿಯುತ್ತದಾ, ಅಸಲು ಮಕ್ಕಳಿಗೆ ವಾಪಸ್ ಬರುತ್ತದಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ.