ಪೊರೆ ಆಪರೇಷನ್ ಆದ ಮೇಲೆ ಕಣ್ಣು ನೋವು ಅಂದರೆ ತಲೆ ಸ್ಕ್ಯಾನ್ ಮಾಡಿಸುತ್ತಾ ಕೂರಬೇಡಿ

ಅಮ್ಮನ ಬಲಗಣ್ಣಿಗೆ ಪೊರೆ ತೆಗೆದು ಲೆನ್ಸ್ ಹಾಕಿದ್ದು ಗುರುವಾರ. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ಗೋಡೆಯ ಕ್ಯಾಲೆಂಡರಿನ ತಾರೀಖು ದೂರದಿಂದಲೇ ಓದಿದಳು. ಎಲ್ಲರಿಗೂ ಖುಷಿ.

ಭಾನುವಾರ ರಾತ್ರಿ "ಹುಬ್ಬಿನ ಹತ್ರ ಸಿಡೀತಾ ಇದೆ ಕಣೋ" ಅಂದಳು. ಬೆಳಿಗ್ಗೆ ನೋಡಿದರೆ ಕಣ್ಣು ಕೆಂಡ. ಆಪರೇಷನ್ ಮಾಡಿದ ಕಡೆ ಫೋನ್ ಮಾಡಿದೆ. "ಕೆಂಪಾಗೋದು ಮಾಮೂಲು ಸಾರ್, ಡ್ರಾಪ್ಸ್ ಬಿಡಿ, ಗುರುವಾರ ಚೆಕಪ್ ಇದೆಯಲ್ಲ" ಅಂದರು. ಡಾಕ್ಟರಿಗೆ ಕೊಡಿ ಅಂತ ನಾನೂ ಹಟ ಮಾಡಲಿಲ್ಲ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ತಲೆನೋವು ತಾನೇ ಅಂತ ಊರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ವಯಸ್ಸು 68, ಬಿಪಿ, ಶುಗರ್ ಎರಡೂ ಇದೆ. ತಲೆಯ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ರಿಪೋರ್ಟ್ ನಾರ್ಮಲ್! ಆ ದೊಡ್ಡ ಕವರನ್ನು ಮೇಜಿನ ಮೇಲಿಟ್ಟು ನೆಮ್ಮದಿಯಾಗಿ ಊಟ ಮಾಡಿದೆವು. ಕಣ್ಣುಗುಡ್ಡೆಯ ಒಳಗೆ ಕೀವಾಗುತ್ತಿದೆಯೋ ಇಲ್ಲವೋ ಅನ್ನೋದನ್ನು ಆ ನಾರ್ಮಲ್ ಹೇಳೋದೇ ಇಲ್ಲ ಅಂತ ಯಾರಿಗೆ ಗೊತ್ತಿತ್ತು?

ಮಂಗಳವಾರ ಬೆಳಿಗ್ಗೆ ಎಡಗಣ್ಣು ಮುಚ್ಚಿ "ಕ್ಯಾಲೆಂಡರ್ ನೋಡಮ್ಮ" ಅಂದೆ.

"ಎಲ್ಲಿದೆಯೋ ಕ್ಯಾಲೆಂಡರು?" ಅಂದಳು.

ಬೆಂಗಳೂರಿಗೆ ಓಡಿದೆವು. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ ನೋಡುವ ಡಾಕ್ಟರ್ ದೀಪ ಬಿಟ್ಟು ನೋಡಿದರು. ಕರಿಗುಡ್ಡೆ ಮಂಜಾಗಿತ್ತು, ಅದರ ಕೆಳಗಡೆ ಬಿಳಿ ಕೀವು ತಂಗಿತ್ತು. ಹಿಂದುಗಡೆ ಏನೂ ಕಾಣಲೊಲ್ಲದು. ಆಗ ಬಿ-ಸ್ಕ್ಯಾನ್ ಮಾಡಿದರು. ಇದು ಹೊಟ್ಟೆಗೆ ಮಾಡುತ್ತಾರಲ್ಲ, ಅದೇ ಅಲ್ಟ್ರಾಸೌಂಡ್. ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ, ಪೆನ್ನಿನಂಥದ್ದನ್ನು ಮೆಲ್ಲಗೆ ಇಟ್ಟರು. ಹತ್ತು ನಿಮಿಷವೂ ಆಗಲಿಲ್ಲ. "ಇದೆಲ್ಲ ಕಪ್ಪಗಿರಬೇಕಿತ್ತು" ಅಂತ ಪರದೆ ತೋರಿಸಿದರು. ಕಪ್ಪಿನ ತುಂಬ ರಾಗಿಹಿಟ್ಟಿನ ಜರಡಿ ಒದರಿದ ಹಾಗೆ ಚುಕ್ಕೆಗಳು. ರೆಟಿನಾ ಕಳಚಿರಲಿಲ್ಲ, ಅಷ್ಟೇ ಪುಣ್ಯ. ಎಂಡಾಫ್ತಲ್ಮೈಟಿಸ್ ಅಂದರು, ಕಣ್ಣಿನ ಒಳಗಿನ ಸೋಂಕು.

ಸ್ಕ್ಯಾನ್ ಒಂದೇ ಸಾಲದಂತೆ. ರಕ್ತ ಇದ್ದರೂ ಹೀಗೇ ಚುಕ್ಕೆ ಕಾಣಬಹುದು, ಯಾವ ಕ್ರಿಮಿ ಅನ್ನೋದಂತೂ ಗೊತ್ತಾಗಲ್ಲ. ಟಾರ್ಚಿನ ಬೆಳಕು ಬಿಟ್ಟು ಬೇರೇನೂ ಕಾಣದ ಸ್ಥಿತಿಗೆ ಬಂದಿದ್ದರಿಂದ ಅವತ್ತೇ ವಿಟ್ರೆಕ್ಟಮಿ ಮಾಡಿ ಒಳಗಿನ ಲೋಳೆ ತೆಗೆದರು. ಅದರಲ್ಲೇ ಸ್ವಲ್ಪ ಲ್ಯಾಬಿಗೆ ಹೋಯಿತು. ರಿಪೋರ್ಟಿಗೆ ಕಾಯದೆ ವ್ಯಾಂಕೊಮೈಸಿನ್, ಸೆಫ್ಟಾಜಿಡಿಮ್ ಅನ್ನೋ ಎರಡು ಆಂಟಿಬಯೋಟಿಕ್‌ಗಳನ್ನೂ ಕಣ್ಣಿನೊಳಗೇ ಚುಚ್ಚಿದರು.

ಈಗ ಅಮ್ಮನಿಗೆ ಆ ಕಣ್ಣಲ್ಲಿ ಮೂರಡಿ ದೂರದ ಬೆರಳು ಎಣಿಸೋಕೆ ಆಗುತ್ತೆ. ಓದೋಕೆ ಆಗಲ್ಲ.

ಇದು ಅಪರೂಪ, ಹೆದರಿ ಆಪರೇಷನ್ ಬಿಡಬೇಡಿ. ಆದರೆ ಮೊದಲ ಆರು ವಾರ, ಅದರಲ್ಲೂ ಮೊದಲ ವಾರ, ನೋವು ಜಾಸ್ತಿ ಆದರೆ, ದೃಷ್ಟಿ ಕಮ್ಮಿ ಆದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ರಾತ್ರಿಯಾದರೂ ಸರಿ. ಬಿ-ಸ್ಕ್ಯಾನ್ ಬೇಕೋ ಬೇಡವೋ ಅವರು ನೋಡಿಕೊಳ್ಳುತ್ತಾರೆ. ಫೋನಿನಲ್ಲಿ ಸುಮ್ನೆ "ಕೆಂಪಾಗಿದೆ" ಅನ್ನಬೇಡಿ, ನಾನು ಅಂದದ್ದು ಅದನ್ನೇ. "ಮೊನ್ನೆ ಕಾಣ್ತಿದ್ದದ್ದು ಇವತ್ತು ಕಾಣ್ತಿಲ್ಲ, ಈಗಲೇ ಹೊರಟಿದ್ದೀವಿ" ಅನ್ನಿ.