ಇಂಗ್ಲಿಷ್ ಪದಕ್ಕೆ ಪ್ರಾಸ ಹುಡುಕಲು ರೈಮ್‌ಝೋನ್ ಸಾಕೇ?

ಇಂಗ್ಲಿಷಿನಲ್ಲಿ ಹಾಡು, ಪದ್ಯ, ರ‍್ಯಾಪ್ ಬರೆಯುವ ಅನೇಕರು ಪ್ರಾಸಕ್ಕಾಗಿ ಮೊದಲು ತೆರೆಯುವುದು ರೈಮ್‌ಝೋನ್. 1996ರಿಂದ ನಡೆದುಬಂದಿರುವ ತಾಣ ಇದು. ಪದ ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ರಾಸಪದಗಳೆಲ್ಲ ಸಿಲಬಲ್ (ಉಚ್ಚಾರದ ತುಣುಕು) ಲೆಕ್ಕದಲ್ಲಿ ಗುಂಪುಗುಂಪಾಗಿ ಬರುತ್ತವೆ. ಬಳಕೆಯ ಪದಗಳು ದಪ್ಪಕ್ಷರದಲ್ಲಿ, ಅಪರೂಪದವು ಮಸುಕಾಗಿ ಕಾಣುತ್ತವೆ. ಪೂರ್ಣ ಪ್ರಾಸ ಬೇಕಿದ್ದರೆ ಬೇರೆಲ್ಲೂ ಹೋಗುವ ಅಗತ್ಯ ಬೀಳುವುದು ಕಡಿಮೆ. ಸಮೀಪ ಪ್ರಾಸದ, ಅಂದರೆ ಧ್ವನಿ ಪೂರ್ತಿ ಹೊಂದದೆ ಹತ್ತಿರ ಮಾತ್ರ ಬರುವ ಪ್ರಾಸದ ವಿಷಯ ಹಾಗಲ್ಲ. ಅಲ್ಲಿ ಇನ್ನೂ ಒಂದೆರಡು ಸಾಧನ ಜೊತೆಗಿರಬೇಕು, ಜೊತೆಗೆ ಕಿವಿಯೂ ಚುರುಕಾಗಿರಬೇಕು.

ಇಂಗ್ಲಿಷಿನ ಪೂರ್ಣ ಪ್ರಾಸದ ನಿಯಮ ಚಿಕ್ಕದು. ಪದದಲ್ಲಿ ಕೊನೆಯದಾಗಿ ಒತ್ತು ಬೀಳುವ ಸ್ವರ ಯಾವುದೋ ಅಲ್ಲಿಂದ ಕೊನೆಯವರೆಗಿನ ಧ್ವನಿಯೆಲ್ಲ ಒಂದೇ ಆಗಿರಬೇಕು, ಅದರ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ನೇಶನ್, ಸ್ಟೇಶನ್ ಸೇರುವುದು ಹೀಗೆ. ಸ್ಪೆಲಿಂಗ್‌ಗೆ ಇಲ್ಲಿ ಬೆಲೆಯಿಲ್ಲ. ಲವ್ ಮತ್ತು ಮೂವ್ ಇಂಗ್ಲಿಷ್ ಅಕ್ಷರಗಳಲ್ಲಿ ಅವಳಿಗಳಂತೆ ಕಂಡರೂ ಪ್ರಾಸವಲ್ಲ. ಹೋಮ್ ಮತ್ತು ಕಮ್ ಕೂಡ ಅಷ್ಟೇ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಈ ಮೋಸ ಕೂಡಲೇ ಬಯಲಾಗುತ್ತದೆ, ಹಾಗಾಗಿ ಪಟ್ಟಿ ನೋಡುವಾಗ ಈ ಅಭ್ಯಾಸ ಒಳ್ಳೆಯದು. ಆದರೆ ನಮ್ಮ ಲಿಪಿಯೂ ಒಂದು ಕಡೆ ದಾರಿ ತಪ್ಪಿಸುತ್ತದೆ. ರೋಸ್, ಡೋಸ್ ಎಂದು ಒಂದೇ ಬಗೆಯಲ್ಲಿ ಬರೆಯುತ್ತೇವೆ. ಇಂಗ್ಲಿಷ್ ಉಚ್ಚಾರದಲ್ಲಿ ರೋಸ್ ಮುಗಿಯುವುದು ಕಂಪಿಸುವ ಝ್ ಧ್ವನಿಯಲ್ಲಿ, ಡೋಸ್ ಮುಗಿಯುವುದು ಸ್ ಧ್ವನಿಯಲ್ಲಿ. ರೋಸ್ ಪದದ ಪೂರ್ಣ ಪ್ರಾಸದಲ್ಲಿ ಡೋಸ್ ಇಲ್ಲವಲ್ಲ ಎಂದು ಗೊಂದಲವಾದರೆ ಕಾರಣ ಇದು; ಅದರ ಜಾಗ ಸಮೀಪ ಪ್ರಾಸದಲ್ಲಿ.

ಒಂದೇ ಸ್ಪೆಲಿಂಗ್‌ಗೆ ಎರಡು ಉಚ್ಚಾರವಿರುವ ಪದಗಳಲ್ಲಿ ಹೆಚ್ಚು ಜನ ಎಡವುತ್ತಾರೆ. ಮುಚ್ಚು ಎಂಬ ಅರ್ಥದ ಕ್ಲೋಸ್ ರೋಸ್ ಜೊತೆ ಸೇರುತ್ತದೆ, ಹತ್ತಿರ ಎಂಬ ಅರ್ಥದ ಕ್ಲೋಸ್ ಡೋಸ್ ಜೊತೆ. ರೆಕಾರ್ಡ್ ನಾಮಪದವಾದರೆ ಒತ್ತು ಮೊದಲ ಸಿಲಬಲ್ ಮೇಲೆ, ಆಗ ಅದರ ಪ್ರಾಸ ಚೆಕರ್ಡ್. ಕ್ರಿಯಾಪದವಾದರೆ ಒತ್ತು ಎರಡನೆಯದರ ಮೇಲೆ, ಆಗ ಬೋರ್ಡ್. ವಿಂಡ್, ರೀಡ್, ಲೀಡ್, ಟಿಯರ್, ಯೂಸ್ ಎಲ್ಲಕ್ಕೂ ಇದೇ ಪಾಡು. ಇಂಥ ಪದ ಹುಡುಕುವ ಬದಲು ಅದೇ ಧ್ವನಿಯ, ಎರಡರ್ಥವಿಲ್ಲದ ಇನ್ನೊಂದು ಪದ ಕೊಟ್ಟು ಹುಡುಕಿ. ಗಾಳಿ ಎಂಬ ಅರ್ಥದ ವಿಂಡ್ ಬೇಕಿದ್ದರೆ ಸಿನ್ಡ್ (sinned) ಎಂದು ಕೊಡಿ, ಸುತ್ತು ಎಂಬ ಅರ್ಥದ್ದಾದರೆ ಮೈಂಡ್ ಎಂದು ಕೊಡಿ. ಪಟ್ಟಿ ಶುದ್ಧವಾಗಿ ಬರುತ್ತದೆ.

ಪೂರ್ಣ ಪ್ರಾಸದ ಪಟ್ಟಿಯಲ್ಲೂ ಜರಡಿ ಹಿಡಿಯಬೇಕಾದ ಪದಗಳಿರುತ್ತವೆ. ಲೀವ್ ಮತ್ತು ಬಿಲೀವ್ ನೋಡಿ: ಒತ್ತಿನ ಸ್ವರದ ಹಿಂದಿನ ಲಕಾರವೂ ಒಂದೇ, ಅಂದರೆ ಅದೇ ಧ್ವನಿ ಮರುಕಳಿಸಿತೇ ಹೊರತು ಪ್ರಾಸದ ಸುಖ ಸಿಗಲಿಲ್ಲ. ಒತ್ತಿನ ಸ್ವರದಿಂದ ಮುಂದಕ್ಕೆ ಮಾತ್ರ ಹೋಲಿಸುವ ಯಾವ ಸಾಧನವೂ ಇಂಥ ಜೋಡಿಯನ್ನು ತಡೆಯುವುದಿಲ್ಲ. ಸಿಲಬಲ್ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಫೈರ್ ಅನ್ನು ಒಂದು ಸಿಲಬಲ್ ಆಗಿಯೂ ಹೇಳಬಹುದು, ಎರಡಾಗಿಯೂ ಹೇಳಬಹುದು. ಅವರ್, ಪವರ್ ಕೂಡ ಹಾಗೆಯೇ. ಟ್ಯೂನಿಗೆ ಕೂರಿಸುವಾಗ ಹಾಡಿ ನೋಡಿಯೇ ಎಣಿಸಬೇಕು.

ಇನ್ನು ಸಮೀಪ ಪ್ರಾಸ. ಹೋಮ್ ಪದವನ್ನೇ ತೆಗೆದುಕೊಳ್ಳಿ. ಪೂರ್ಣ ಪ್ರಾಸ ಎಂದರೆ ರೋಮ್, ಫೋಮ್, ಡೋಮ್, ಕ್ರೋಮ್, ಬಾಚಣಿಗೆಯ ಕೋಮ್, ಕುಳ್ಳ ನೋಮ್, ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯಿತು. ಮನೆಯ ಬಗ್ಗೆ ಹಾಡು ಬರೆಯುವವರಿಗೆ ಇದರಲ್ಲಿ ಅಲೆದಾಟದ ರೋಮ್ ಒಂದೇ ದಕ್ಕುವುದು, ಅದೂ ಸವೆದುಹೋಗಿದೆ. ಲವ್ ಕಥೆ ಇನ್ನೂ ಕಷ್ಟ: ಅಬವ್, ಡವ್, ಗ್ಲವ್, ಶವ್. ಇಂಥ ಕಡೆ ಸಮೀಪ ಪ್ರಾಸವೇ ಒಳ್ಳೆಯ ಬರವಣಿಗೆಯ ದಾರಿ. ಅದನ್ನು ಎರಡನೇ ದರ್ಜೆಯ ಪ್ರಾಸವೆಂದು ಕೀಳಾಗಿ ಕಾಣುವುದು ತಪ್ಪು.

ಸಮೀಪ ಪ್ರಾಸದಲ್ಲೂ ಮೇಲುಕೀಳಿದೆ. ಸ್ವರ ಹಾಗೆಯೇ ಇದ್ದು ಕೊನೆಯ ವ್ಯಂಜನ ಅದೇ ಕುಟುಂಬದ್ದಾದರೆ ಕಿವಿಗೆ ವ್ಯತ್ಯಾಸ ಹೆಚ್ಚು ತಟ್ಟುವುದಿಲ್ಲ. ಹೋಮ್ ಮುಗಿಯುವುದು ಅನುನಾಸಿಕದಲ್ಲಿ; ಅಲೋನ್, ಸ್ಟೋನ್, ಫೋನ್ ಮುಗಿಯುವುದೂ ಅನುನಾಸಿಕದಲ್ಲಿ. ಆದ್ದರಿಂದ ಇವು ಗಟ್ಟಿ. ರೋಡ್, ಹೋಪ್‌ನಲ್ಲಿ ಸ್ವರ ಮಾತ್ರ ಉಳಿದಿದೆ, ಆದ್ದರಿಂದ ಸ್ವಲ್ಪ ಸಡಿಲ. ಸ್ವರವನ್ನು ಎಳೆದು ಹಾಡುವ ಕಡೆ ನಡೆಯುತ್ತದೆ, ಮಾತಿನಂತೆ ಓದುವ ಪದ್ಯದಲ್ಲಿ ತೆಳುವಾಗುತ್ತದೆ. ಸ್ವರ ಬದಲಾಗಿ ವ್ಯಂಜನ ಮಾತ್ರ ಉಳಿದ ಜೋಡಿ, ಅಂದರೆ ಹೋಮ್ ಮತ್ತು ಹಿಮ್, ಸಾಲಿನ ಕೊನೆಯಲ್ಲಿ ದುರ್ಬಲ, ಸಾಲಿನ ನಡುವೆ ಸೊಗಸು.

ರೈಮ್‌ಝೋನ್‌ನ ಸಮೀಪ ಪ್ರಾಸದ ಆಯ್ಕೆ ಉದ್ದನೆಯ ಪಟ್ಟಿ ಕೊಡುತ್ತದೆ, ಈ ಮೇಲುಕೀಳನ್ನು ಹೀಗೆ ಬಿಡಿಸಿ ಹೇಳುವುದಿಲ್ಲ. ಅಲ್ಲೇ ಇರುವ ವ್ಯಂಜನ ಹೊಂದಿಸುವ ಆಯ್ಕೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಳಪ್ರಾಸ ಹೆಣೆಯುವವರಿಗೆ ಅದು ತುಂಬ ಉಪಯುಕ್ತ. ಬಿ-ರೈಮ್ಸ್ ಎಂಬ ಇನ್ನೊಂದು ತಾಣ ಹುಟ್ಟಿರುವುದೇ ಸಮೀಪ ಪ್ರಾಸಕ್ಕಾಗಿ. ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದಕ್ಕೆ ಅಂಕ ಕೊಟ್ಟು, ಅಂಕದ ಕ್ರಮದಲ್ಲೇ ಪದಗಳನ್ನು ಜೋಡಿಸುತ್ತದೆ. ಸಮೀಪ ಪ್ರಾಸಕ್ಕೆ ಮೊದಲು ಇಲ್ಲಿಗೆ ಹೋಗುವುದೇ ಮೇಲು. ಅಂಕವನ್ನು ತೀರ್ಪೆಂದು ತಿಳಿಯದೆ, ಪಟ್ಟಿಯ ಮೇಲಿನ ಭಾಗವನ್ನು ಗಟ್ಟಿಯಾಗಿ ಓದಿ ಆರಿಸಿಕೊಳ್ಳಿ.

ಪೂರ್ಣ ಪ್ರಾಸವೇ ಸಿಗದ ಪದಗಳಿಗೂ ದಾರಿಯಿದೆ. ಆರೆಂಜ್, ಮಂತ್ ಇಂಥವಕ್ಕೆ ಬಳಕೆಯ ಇಂಗ್ಲಿಷಿನಲ್ಲಿ ಪೂರ್ಣ ಪ್ರಾಸವಿಲ್ಲ. ಆರೆಂಜ್‌ಗೆ ಫಾರಿನ್, ಸ್ಟೋರೇಜ್ ಹತ್ತಿರ ಬರುತ್ತವೆ. ಡೋರ್ ಹಿಂಜ್ ಎಂದು ಎರಡು ಪದ ಸೇರಿಸಿದರೆ ಇನ್ನೂ ಹತ್ತಿರ. ಸಿರಿಂಜ್ ಮಾತ್ರ ಬೇಡ, ಅದರ ಒತ್ತು ಕೊನೆಯ ಸಿಲಬಲ್ ಮೇಲಿದೆ, ಸಾಲಿನ ಲಯ ಮುರಿಯುತ್ತದೆ. ಮಂತ್‌ಗೆ ಒನ್ಸ್, ಫ್ರಂಟ್ ನೋಡಿ. ಎರಡು ಪದ ಜೋಡಿಸುವ ಉಪಾಯ ಪೊಯೆಟ್‌ನಂಥ ಪದಕ್ಕೂ ಒದಗುತ್ತದೆ: ನೋ ಇಟ್, ಶೋ ಇಟ್.

ಬ್ರಿಟಿಷ್ ಉಚ್ಚಾರದಲ್ಲಿ ಬರೆಯುವವರು ಇನ್ನೊಂದು ಎಚ್ಚರ ವಹಿಸಬೇಕು. ಪ್ರಾಸ ಹುಡುಕುವ ಹಲವು ಪ್ರೋಗ್ರಾಂಗಳಿಗೆ ಆಧಾರ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರ ನಿಘಂಟು, ಅದರಲ್ಲಿರುವುದು ಉತ್ತರ ಅಮೆರಿಕದ ಇಂಗ್ಲಿಷ್. ಅಲ್ಲಿ ಬಿನ್ ಎಂದಾಗುವ been ಪದ ಬ್ರಿಟಿಷರ ಬಾಯಲ್ಲಿ ಸಾಮಾನ್ಯವಾಗಿ ಬೀನ್. ಕ್ಲರ್ಕ್ ಅಮೆರಿಕದಲ್ಲಿ ವರ್ಕ್ ಜೊತೆ ಸೇರಿದರೆ, ಬ್ರಿಟನ್ನಿನಲ್ಲಿ ಕ್ಲಾರ್ಕ್ ಆಗಿ ಡಾರ್ಕ್ ಜೊತೆ ಸೇರುತ್ತದೆ. ಕೋರ್ಟ್ ಮತ್ತು ಹಿಡಿದ ಎಂಬ ಅರ್ಥದ ಕಾಟ್ (caught) ದಕ್ಷಿಣ ಇಂಗ್ಲೆಂಡಿನ ಉಚ್ಚಾರದಲ್ಲಿ ಪೂರ್ತಿ ಒಂದೇ, ಅಮೆರಿಕದಲ್ಲಿ ರಕಾರ ಕೇಳಿಸುವುದರಿಂದ ಬೇರೆ. ಇಂಥ ಅನುಮಾನ ಬಂದಾಗ ಇಂಗ್ಲಿಷ್ ವಿಕ್ಷನರಿ ತೆರೆಯಿರಿ. ಪದದ ಉಚ್ಚಾರ ವಿಭಾಗದಲ್ಲಿ ದೇಶವಾರು ಉಚ್ಚಾರ ಸಿಗುತ್ತದೆ, ಅನೇಕ ಪದಗಳಿಗೆ ಅಲ್ಲಿಂದಲೇ ಪ್ರಾಸದ ಪುಟಕ್ಕೂ ಕೊಂಡಿ ಇರುತ್ತದೆ. ಪಟ್ಟಿ ಚಿಕ್ಕದು, ಆದರೆ ಮನುಷ್ಯರು ಕೈಯಾರೆ ಸೇರಿಸಿದ್ದು.

ಸ್ವಂತ ಪ್ರೋಗ್ರಾಂ ಬರೆಯುವವರಿಗೆ ಎರಡು ಒಳ್ಳೆಯ ದಾರಿಗಳಿವೆ. ರೈಮ್‌ಝೋನ್ ನಡೆಸುವ ಡೇಟಾಮ್ಯೂಸ್‌ನವರ ಎಪಿಐ ದಿನಕ್ಕೆ 1,00,000 ವಿನಂತಿಗಳವರೆಗೆ ಕೀ ಇಲ್ಲದೆಯೇ ಉಚಿತ. ಪೂರ್ಣ ಪ್ರಾಸಕ್ಕೆ, ಸಮೀಪ ಪ್ರಾಸಕ್ಕೆ ಬೇರೆ ಬೇರೆ ಪ್ಯಾರಾಮೀಟರ್ ಇವೆ. ಕೇಳಿದರೆ ಸಿಲಬಲ್ ಸಂಖ್ಯೆ, ಉಚ್ಚಾರ, ಬಳಕೆಯ ಪ್ರಮಾಣವನ್ನೂ ಕೊಡುತ್ತದೆ. ಏನೂ ಹೇಳದಿದ್ದರೆ ಬರುವುದು 100 ಪದ, ಗರಿಷ್ಠ 1000 ಕೇಳಬಹುದು. ಅರ್ಥದ ಪ್ಯಾರಾಮೀಟರನ್ನೂ ಪ್ರಾಸದ ಜೊತೆ ಸೇರಿಸಿ ಕೇಳಬಹುದೆಂಬುದು ಇದರ ದೊಡ್ಡ ಗುಣ: ಸಮುದ್ರಕ್ಕೆ ಸಂಬಂಧಿಸಿದ, ಆದರೆ ಇಂಥ ಪದಕ್ಕೆ ಪ್ರಾಸವಾಗುವ ಪದಗಳು ಮಾತ್ರ ಬೇಕು ಎನ್ನಬಹುದು.

ಇಂಟರ್ನೆಟ್ ಇಲ್ಲದೆ ಕೆಲಸ ಮಾಡಬೇಕಿದ್ದರೆ ಕಾರ್ನೆಗಿ ಮೆಲನ್ ನಿಘಂಟನ್ನೇ ಇಳಿಸಿಕೊಳ್ಳಿ. 1,34,000ಕ್ಕೂ ಹೆಚ್ಚು ಪದಗಳು, 39 ಧ್ವನಿಗಳು. ಪ್ರತಿ ಸ್ವರದ ಪಕ್ಕ ಒತ್ತನ್ನು ಸೂಚಿಸುವ ಅಂಕಿ. 1 ಎಂದರೆ ಮುಖ್ಯ ಒತ್ತು, 2 ಎಂದರೆ ಉಪ ಒತ್ತು, 0 ಎಂದರೆ ಒತ್ತಿಲ್ಲ. ಹೋಲಿಸುವ ಮುನ್ನ ಆ ಅಂಕಿಗಳನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ಸಿಂಗ್‌ನ 1 ಮತ್ತು ಎವೆರಿಥಿಂಗ್‌ನ 2 ಹೊಂದದೆ ಒಳ್ಳೆಯ ಪ್ರಾಸ ಕೈತಪ್ಪುತ್ತದೆ. ಒತ್ತಿನ ಸ್ವರ ಯಾವುದೆಂದು ಗುರುತಿಸಿದ ಮೇಲೆಯೇ ತೆಗೆಯಿರಿ, ಮೊದಲೇ ತೆಗೆದರೆ ಪ್ರಾಸ ಎಲ್ಲಿಂದ ಶುರುವೆಂದು ತಿಳಿಯುವುದಿಲ್ಲ. ಈ ನಿಘಂಟಿನಲ್ಲಿ ಮನೆತನದ ಹೆಸರುಗಳು, ಊರ ಹೆಸರುಗಳು ರಾಶಿ ಇವೆ. ಬಳಕೆಯ ಪದಪಟ್ಟಿಯೊಂದನ್ನು ಇಟ್ಟುಕೊಂಡು ಸೋಸದಿದ್ದರೆ ಫಲಿತಾಂಶದ ತುಂಬ ಅವೇ ತುಂಬಿಕೊಳ್ಳುತ್ತವೆ.