‘ಹುಡುಕಿ ನೋಡದ ರೋಲ್’ ಅಂತ ಮಾರುವ ಹಳೇ ಪೆನ್ನಿ ಕೊಳ್ಳಬೇಡಿ

ಅಮೆರಿಕದಲ್ಲಿರುವ ಕನ್ನಡದವರಲ್ಲಿ ಹಳೇ ನಾಣ್ಯ ಕೂಡಿಡುವ ಹುಚ್ಚಿರುವವರು ದಯವಿಟ್ಟು ಇದನ್ನು ಓದಿ. ನಾನು 140 ಡಾಲರ್ ಕಳೆದುಕೊಂಡೆ. ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಅವತ್ತು ಮಗಳ ಮುಖ ನೋಡಿ.

ಚಿಕ್ಕವನಿದ್ದಾಗ ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ತೂತಿನ ಕಾಸು ಹುಡುಕುತ್ತಿದ್ದವನು ನಾನು. ಇಲ್ಲಿಗೆ ಬಂದ ಮೇಲೆ ಬ್ಯಾಂಕಿನಿಂದ ನಾಣ್ಯದ ರೋಲ್ (ಕಾಗದದಲ್ಲಿ ಸುತ್ತಿಟ್ಟ ನಾಣ್ಯದ ಕಟ್ಟು) ತಂದು, ಬಿಚ್ಚಿ ನೋಡಿ, ಹಳೆಯದು ಸಿಕ್ಕರೆ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಟ್ಟೋದು ರೂಢಿಯಾಯಿತು. ಹತ್ತು ವರ್ಷದ ಮಗಳೂ ಜೊತೆಗೆ ಕೂರುತ್ತಾಳೆ.

ಹೋದ ವರ್ಷ ಆನ್‌ಲೈನಲ್ಲಿ ಒಬ್ಬರು ಹಳೇ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯದ ರೋಲ್ ಮಾರಾಟಕ್ಕೆ ಹಾಕಿದ್ದರು. ಹಿಂಬದಿಯಲ್ಲಿ ಗೋಧಿ ತೆನೆ ಇರುವ ಪೆನ್ನಿ, 1909ರಿಂದ 1958ರವರೆಗಿನದು. ‘ಹಳೇ ಬ್ಯಾಂಕ್ ರೋಲ್, ಹುಡುಕಿಲ್ಲ’ ಅಂತ ಬರೆದಿತ್ತು. ಅಂದರೆ ಒಳಗಿನ ಒಳ್ಳೇ ನಾಣ್ಯವನ್ನು ಯಾರೂ ಆರಿಸಿ ತೆಗೆದಿಲ್ಲ ಅಂತ ನಾನು ಅಂದುಕೊಂಡೆ. ಫೋಟೋದಲ್ಲಿ ರೋಲಿನ ಒಂದು ತುದಿಗೆ ಇಂಡಿಯನ್ ಹೆಡ್ ಪೆನ್ನಿ (ಅಮೆರಿಕದ ಮೂಲನಿವಾಸಿಗಳ ಗರಿ ಕಿರೀಟ ತೊಟ್ಟ ತಲೆಯ ಚಿತ್ರ ಇರುವುದು). ಅದು 1909ಕ್ಕೇ ನಿಂತುಹೋದ ನಾಣ್ಯ. ಇನ್ನೊಂದು ತುದಿಗೆ 1943ರ ಬೂದು ಬಣ್ಣದ ಉಕ್ಕಿನ ಪೆನ್ನಿ. ತುದಿಯಲ್ಲೇ ಇಂಥದ್ದಿದ್ದರೆ ಒಳಗೆ ಇನ್ನೇನಿರಬಹುದು ಅಂತ ಆಸೆಯಾಯಿತು. ಒಂದಕ್ಕೆ 35 ಡಾಲರಿನಂತೆ ನಾಲ್ಕು ತರಿಸಿದೆ.

ಶನಿವಾರ ಸಂಜೆ ಊಟದ ಮೇಜಿನ ಮೇಲೆ ಟವೆಲ್ ಹಾಸಿ ಬಿಚ್ಚಿದೆವು. ಅವಳು ಇಸವಿ ಓದೋದು, ನಾನು ಬರೆದುಕೊಳ್ಳೋದು. 1944, 1951, 1956, ಮತ್ತೆ 1956, ಮತ್ತೆ 1944. ಮೂರನೇ ರೋಲಿಗೆ ಬರುವಷ್ಟರಲ್ಲಿ ಅವಳ ದನಿ ಸಣ್ಣದಾಗಿತ್ತು. ತುದಿಯವು ಬಿಟ್ಟು ಒಳಗಿದ್ದ 192 ನಾಣ್ಯದಲ್ಲಿ 1940ಕ್ಕಿಂತ ಹಿಂದಿನದು ಒಂದೂ ಇಲ್ಲ. ಇಸವಿಯ ಕೆಳಗೆ ‘ಎಸ್’ ಅಕ್ಷರ ಇರುವ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಡೆದ ಪೆನ್ನಿಯೂ ಒಂದೂ ಇಲ್ಲ. ಆಗಲೇ ನನಗೆ ಹೊಳೆದದ್ದು. ಆ ಟಂಕಸಾಲೆ 1955ರವರೆಗೂ ಪೆನ್ನಿ ಹೊಡೆದಿದೆ. ಕೈಗೆ ಬಂದಂತೆ ತುಂಬಿದ ರೋಲ್ ಆಗಿದ್ದರೆ ಕೆಲವಾದರೂ ಇರಬೇಕಿತ್ತು, ಅಲ್ವಾ? ಯಾರೋ ಕೂತು ಒಂದೊಂದಾಗಿ ಆರಿಸಿಕೊಂಡು, ಉಳಿದ ಜೊಳ್ಳನ್ನು ನನಗೆ ಕಳಿಸಿದ್ದರು.

ಕಾಗದವನ್ನು ದೀಪಕ್ಕೆ ಹಿಡಿದು ನೋಡಿದೆ. ಹಳದಿಗೆ ತಿರುಗಿದ ಕಾಗದ, ಉದ್ದಕ್ಕೂ ಎರಡು ಮಡಿಕೆ ಗೆರೆ. ವರ್ಷಗಟ್ಟಲೆ ಚಪ್ಪಟೆಯಾಗಿ ಖಾಲಿ ಬಿದ್ದಿದ್ದ ಕಾಗದ ಅದು. ತುದಿಯ ಸುತ್ತು ಮಾತ್ರ ಹೊಸದಾಗಿ ಒತ್ತಿದ ಹಾಗೆ ಗರಿಗರಿ. ಹಳೇ ಬ್ಯಾಂಕುಗಳ ಹೆಸರಿರುವ ಖಾಲಿ ಕಾಗದ ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತದೆ. ತುದಿ ಮಡಚಿ ಒತ್ತುವ ಸಣ್ಣ ಯಂತ್ರವೂ ಸಿಗುತ್ತದೆ.

ತುದಿಯಲ್ಲಿದ್ದ ಇಂಡಿಯನ್ ಹೆಡ್ ಎಷ್ಟು ಸವೆದಿತ್ತೆಂದರೆ ಇಸವಿಯೇ ಕಾಣುತ್ತಿರಲಿಲ್ಲ. ಉಕ್ಕಿನ ಪೆನ್ನಿ ಅಪರೂಪದ್ದೇ ಅಲ್ಲ. ಯುದ್ಧಕ್ಕೆ ತಾಮ್ರ ಬೇಕಿತ್ತೆಂದು ಆ ಒಂದು ವರ್ಷ ನೂರು ಕೋಟಿಗೂ ಹೆಚ್ಚು ಹೊಡೆದಿದ್ದಾರೆ. ನಿಜವಾಗಿ ಎಲ್ಲರೂ ಹುಡುಕುವ ‘1909 ಎಸ್ ವಿಡಿಬಿ’ (ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಡೆದ, ಚಿತ್ರ ಬಿಡಿಸಿದವರ ಹೆಸರಿನ ಮೊದಲಕ್ಷರಗಳಾದ ವಿ.ಡಿ.ಬಿ. ಇರುವ 1909ರ ಪೆನ್ನಿ) ಹೊಡೆದದ್ದು ಬರೀ 4,84,000.

ಒಂದು ಲೆಕ್ಕ ಮೊದಲೇ ಹಾಕಬೇಕಿತ್ತು. ಪೆನ್ನಿ ರೋಲಿನಲ್ಲಿ 50 ನಾಣ್ಯ, ಹೊರಗೆ ಕಾಣೋದು ಎರಡು. ಒಳಗಿರುವ ಒಂದು ಹಳೇ ನಾಣ್ಯ ತಾನಾಗಿ ತುದಿಗೆ ಬಂದು ಕೂರೋದು 25ರಲ್ಲಿ ಒಂದು ಸಲ. ಆ ಮಾರಾಟಗಾರರ ಪುಟಕ್ಕೆ ಮತ್ತೆ ಹೋಗಿ ನೋಡಿದರೆ ಪ್ರತಿಯೊಂದು ರೋಲಿನ ತುದಿಯಲ್ಲೂ ಒಂದೊಂದು ಆಕರ್ಷಣೆ ಇಟ್ಟಿದ್ದಾರೆ.

ದೂರು ಕೊಟ್ಟೆ. ಬಿಚ್ಚಿದ ರೋಲ್ ವಾಪಸ್ ತಗೊಳ್ಳಲ್ಲ, ‘ನಾನು ಹುಡುಕಿಲ್ಲ ಅಂದಿದ್ದೆ, ಬೇರೆ ಯಾರೂ ಹುಡುಕಿಲ್ಲ ಅಂದಿರಲಿಲ್ಲ’ ಅನ್ನೋ ಉತ್ತರ ಬಂತು. ಹತ್ತಿರದ ನಾಣ್ಯದಂಗಡಿಯವರು ನಾಲ್ಕೂ ರೋಲಿಗೆ ಸೇರಿ 12 ಡಾಲರ್ ಕೊಡ್ತೀನಿ ಅಂದರು.

ಹುಡುಕುವ ಖುಷಿ ಬೇಕಿದ್ದರೆ ಬ್ಯಾಂಕಿನಲ್ಲೇ ಕೇಳಿ. ಅರ್ಧ ಡಾಲರಿನ ರೋಲಿನಲ್ಲಿ 20 ನಾಣ್ಯ, ಬೆಲೆ 10 ಡಾಲರ್. 1964 ಮತ್ತು ಅದಕ್ಕಿಂತ ಹಳೆಯದರಲ್ಲಿ ಶೇಕಡ 90 ಬೆಳ್ಳಿ, 1965ರಿಂದ 1970ರವರೆಗಿನದರಲ್ಲಿ ಶೇಕಡ 40. ಏನೂ ಸಿಗದಿದ್ದರೆ ಅದೇ 10 ಡಾಲರ್ ವಾಪಸ್ ಬರುತ್ತದೆ. ಇಂಥ ಇಸವಿಯದೇ ಬೇಕು ಅಂತಿದ್ದರೆ ಬಿಡಿ ನಾಣ್ಯದ ಎರಡೂ ಬದಿ ನೋಡಿಯೇ ಕೊಳ್ಳಿ.

ಆ ನಾಲ್ಕು ಕಾಗದ ಎಸೆದಿಲ್ಲ. ಮಡಿಕೆ ಗೆರೆ ಹೇಗಿರುತ್ತದೆ ಅಂತ ನೋಡಬೇಕಿದ್ದವರು ಕೇಳಿ, ಫೋಟೋ ಕಳಿಸುತ್ತೇನೆ.